ಅಚ್ಚಿನ ಮೇಲೊಂದು ಹನಿ

ಕಳೆದ ಮಳೆಗಾಲ ಆಲ್ಕೊಳದ ಅತ್ತೆ ಮನೆಯಲ್ಲಿ ಒಂದೇ ಮಾತು: ಅಜ್ಜಿಯ ಹಲ್ಲು. ಒಂದು ಕ್ಲಿನಿಕ್ಕಿನಲ್ಲಿ ದವಡೆ ಹಲ್ಲಿನ ಕ್ಯಾಪ್‌ಗೆ ಅಳತೆ ಕೊಟ್ಟು ಬಂದಿದ್ರು. ವಾರ ಬಿಟ್ಟು ಹೋದ್ರೆ ಕ್ಯಾಪ್ ಕೂರಲೇ ಇಲ್ಲ. "ಅಚ್ಚಿನಲ್ಲಿ ಗುಳ್ಳೆ ಬಂದಿದೆ, ಇನ್ನೊಮ್ಮೆ ತೆಗೀಬೇಕು" ಅಂದರಂತೆ. ಮತ್ತೆ ಬಾಯಿ ತುಂಬ ಆ ಹಿಟ್ಟಿನಂಥದ್ದು, ಮತ್ತೆ ಒಂದು ವಾರ ಗಂಜಿ. "ಒಂದು ಗುಳ್ಳೆ ತೆಗೆಯೋಕೆ ನಿಮ್ಮ ಇಂಜಿನಿಯರಿಂಗಲ್ಲಿ ಏನೂ ಇಲ್ವೇನೋ?" ಅಂತ ಅಜ್ಜಿ ನನ್ನನ್ನೇ ಕೇಳಿದ್ರು.

ಇದೆ. ನಾವು ಎರಡು ಮಾರ್ಕಿಗೆ ಬರೆದು ಮರೆತಿರೋ ಕಾಂಟ್ಯಾಕ್ಟ್ ಆ್ಯಂಗಲ್. 1805ರಲ್ಲಿ ಥಾಮಸ್ ಯಂಗ್ ವಿವರಿಸಿದ್ದು. ಹನಿಯ ಅಂಚು ಮೇಲ್ಮೈಗೆ ತಾಗುವ ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ನೀರು ಹರಡುತ್ತೆ, ಹೆಚ್ಚಿದ್ದರೆ ಗುಂಡಗಾಗುತ್ತೆ. ಕೆಸುವಿನ ಎಲೆ ಮೇಲಿನ ಹನಿ ನೋಡಿದವರಿಗೆ ಇದಕ್ಕಿಂತ ಪಾಠ ಬೇಡ.

ಕ್ಯಾಪ್‌ನ ಅಳತೆಗೆ ಹೆಚ್ಚಾಗಿ ಬಳಸೋದು ಅಡಿಷನ್ ಸಿಲಿಕೋನ್. ಅಳತೆ ಕೆಡದೆ ಉಳಿಸಿಕೊಳ್ಳೋದರಲ್ಲಿ ಇದು ಗಟ್ಟಿಗ. ಆದರೆ ಅದರ ಮೈಮೇಲೆಲ್ಲ ಮೀಥೈಲ್ ಗುಂಪುಗಳು, ನೀರು ಕಂಡರೆ ಆಗದು. ಬಾಯಲ್ಲಿ ಎಂಜಲಿನ ತೇವ ಇದ್ದೇ ಇರುತ್ತೆ. ಅಲ್ಲಿ ಗಾಳಿಯೋ ನೀರೋ ಸಿಕ್ಕಿಕೊಂಡರೆ ಅಚ್ಚಿನಲ್ಲಿ ಗುಳಿ, ಆ ಅಚ್ಚಿನಿಂದ ಮಾಡಿದ ಕಲ್ಲುಹಲ್ಲಿನಲ್ಲಿ ಗಂಟು. ಇನ್ನು ಜಿಪ್ಸಮ್ ಹುಯ್ಯುವಾಗ ಗುಳ್ಳೆ ಬಂದರೆ ಉಲ್ಟಾ: ಕಲ್ಲುಹಲ್ಲಿನಲ್ಲಿ ಗುಳಿ, ಕ್ಯಾಪ್‌ನ ಒಳಗೆ ಗಂಟು. ಆ ಸಣ್ಣ ಗಂಟು ನಿಜವಾದ ಹಲ್ಲಿಗೆ ತಡೆದರೆ ಕ್ಯಾಪ್ ಇಳಿಯೋದೇ ಇಲ್ಲ. ಟಾಲರೆನ್ಸ್ ಅಂತ ವರ್ಕ್‌ಶಾಪಲ್ಲಿ ಬೈಸಿಕೊಳ್ತೀವಲ್ಲ, ಅದೇ ಇದು.

ಪಾಲಿಈಥರ್ ಅನ್ನೋ ಇನ್ನೊಂದು ವಸ್ತು ಹುಟ್ಟಿನಿಂದಲೇ ನೀರಿಗೆ ಒಗ್ಗುತ್ತೆ. ಆದರೆ ಕಹಿ, ಗಟ್ಟಿಯಾದ ಮೇಲೆ ಬಾಯಿಂದ ತೆಗೆಯೋದೂ ಕಷ್ಟ. ಹಾಗಾಗಿ ಸಿಲಿಕೋನಿಗೇ ಸರ್ಫ್ಯಾಕ್ಟೆಂಟ್ ಬೆರೆಸಿದರು. ನಮ್ಮ ಕಡೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಅಂಟು ಸೇರಿಸ್ತಾರಲ್ಲ, ಅಡಿಕೆಕಾಯಿಯ ಮೇಣದ ಮೈಮೇಲೆ ಮದ್ದು ಜಾರದೆ ಹರಡಿ ನಿಲ್ಲಲಿ ಅಂತ? ಹೆಚ್ಚುಕಡಿಮೆ ಅದೇ ಉಪಾಯ. ಸರ್ಫ್ಯಾಕ್ಟೆಂಟ್ ಅಣುಗಳು ಮೆಲ್ಲಗೆ ಮೇಲ್ಮೈಗೆ ಬಂದು ನೀರಿನ ಬಿಗಿತ ಸಡಿಲಿಸುತ್ತವೆ. ಹನಿ ಬಿದ್ದ ತಕ್ಷಣ ಇದ್ದ ಕೋನ ಕೆಲವು ಸೆಕೆಂಡಲ್ಲೇ ಇಳಿಯುತ್ತೆ.

ಆದರೆ ಡಬ್ಬಿ ಮೇಲೆ 'ಹೈಡ್ರೋಫಿಲಿಕ್' ಅಂತ ಅಚ್ಚಾದ ಮಾತ್ರಕ್ಕೆ ನಂಬೋಕಾಗಲ್ಲ. ಬಾಯಿಂದ ತೆಗೆದ ಅಚ್ಚನ್ನು ಸೋಂಕುನಾಶಕದಲ್ಲಿ ಮುಳುಗಿಸಲೇಬೇಕು, ಅದರಲ್ಲಿ ರಾಜಿಯಿಲ್ಲ. ಹೊತ್ತು ಮೀರಿ ನೆನೆದರೆ ಮೇಲ್ಮೈಯ ಸರ್ಫ್ಯಾಕ್ಟೆಂಟ್ ತೊಳೆದುಹೋಗಿ ಸಿಲಿಕೋನ್ ಮತ್ತೆ ಕೆಸುವಿನ ಎಲೆಯ ಬುದ್ಧಿ ತೋರಿಸಬಹುದು. ಆಗ ಜಿಪ್ಸಮ್ ಹುಯ್ಯುವ ಮೊದಲು ಮೇಲಿಂದ ಸರ್ಫ್ಯಾಕ್ಟೆಂಟ್ ಸಿಂಪಡಿಸ್ತಾರೆ. ಅದೂ ಜಾಸ್ತಿಯಾಗಿ ಕೊಚ್ಚೆಯಂತೆ ನಿಂತರೆ ಕಲ್ಲಿನ ಮೈ ಹಾಳು.

ನನಗೆ ಇದು ಒಳ್ಳೆ ಮಿನಿ ಪ್ರಾಜೆಕ್ಟ್ ಅನ್ನಿಸ್ತಿದೆ. ಕೋನ ಅಳೆಯುವ ಗೋನಿಯೋಮೀಟರ್ ದುಬಾರಿ. ಆದರೆ ಸಿರಿಂಜ್, ಹಿಂದೊಂದು ಎಲ್‌ಇಡಿ, ಪಕ್ಕದಿಂದ ಮೊಬೈಲ್ ಕ್ಯಾಮೆರಾ, ಚಿತ್ರದಿಂದ ಕೋನ ತೆಗೆಯೋ ನಾಲ್ಕು ಸಾಲು ಪೈಥಾನ್, ಇಷ್ಟು ಸಾಕು. ಒಂದೇ ಸಿಲಿಕೋನನ್ನು ತೊಳೆಯದೆ, ಹತ್ತು ನಿಮಿಷ ನೆನೆಸಿ, ಒಂದು ಗಂಟೆ ನೆನೆಸಿ, ಆಮೇಲೆ ಸಿಂಪಡಿಸಿ ಅಳೆಯೋಣ. ಶರಾವತಿ ಡೆಂಟಲ್ ಕಾಲೇಜು ಅಲ್ಲೇ ಆಲ್ಕೊಳದಲ್ಲಿದೆ. ಲೆಟರ್ ಹಿಡಿದು ಹೋಗಿ ಕೇಳಬಹುದು. ಸಿರಿಂಜ್ ನನ್ನ ಹತ್ತಿರ ಇದೆ. ಅಲ್ಲಾಡದ ಟ್ರೈಪಾಡ್ ಯಾರ ಹತ್ರ ಇದೆ ಹೇಳಿ.