ಬಂಡೆಯೇ ಮನೆಯಾದ ಮೀನು

ರಾಯಬಾಗ ತಾಲ್ಲೂಕಿನ ಅಲಖನೂರ ಕಡೆಯ ಮಕ್ಕಳಿಗೆ ದೊಡ್ಡ ನೀರೆಂದರೆ ಕೃಷ್ಣೆ. ಪಶ್ಚಿಮದ ಕಡಲಿಗೆ ಕೇವಲ 64 ಕಿ.ಮೀ. ದೂರದಲ್ಲಿ, ಮಹಾಬಳೇಶ್ವರದಲ್ಲಿ ಹುಟ್ಟಿದ ಈ ನದಿ ಆ ಕಡಲಿಗೆ ಬೆನ್ನು ತಿರುಗಿಸಿ, ಸುಮಾರು 1400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಹತ್ತಿರದ ಸಮುದ್ರವನ್ನು ಕಾಣಬೇಕಾದರೆ ಶಾಲಾ ಪ್ರವಾಸದ ಬಸ್ಸೇ ಗತಿ. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯಿಂದ ದಕ್ಷಿಣಕ್ಕೆ ಹೊರಳಿದರೆ ಹೊನ್ನಾವರ, ಮುರುಡೇಶ್ವರ, ಉಡುಪಿ, ಆಮೇಲೆ ಕಾಪು.

ಕಾಪುವಿನಲ್ಲಿ ಎಲ್ಲರೂ ನೋಡುವುದು 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು. ಅದು ನಿಂತಿರುವ ಬಂಡೆಯ ಕಡೆಗೆ ಗಮನ ಕೊಡುವವರು ಕಡಿಮೆ. ಇಳಿತದ ಹೊತ್ತಿನಲ್ಲಿ ಇಂಥ ಕರಾವಳಿ ಬಂಡೆಗಳ ಬುಡ ಬಯಲಾದಾಗಲೇ ನಿಜವಾದ ಊರು ಕಾಣುವುದು. ಪಚ್ಚಿಲೆ ಎಂಬ ಹಸಿರು ಚಿಪ್ಪಿನ ಜೀವಿ (ಕಾರವಾರದ ಕಡೆ ಇದು ನೀಲಿಕಲ್ಲು) ತನ್ನದೇ ನೂಲಿನಿಂದ ಕಲ್ಲಿಗೆ ಕಚ್ಚಿಕೊಂಡಿರುತ್ತದೆ. ಚಿಪ್ಪುಗಳ ಸಂದಿಯಲ್ಲಿ ಏಡಿ, ಸಿಗಡಿ. ಅವುಗಳಿಗಾಗಿ ಕೆಳಗಿನ ಪೊಟರೆಯಲ್ಲಿ ಹೊಂಚು ಹಾಕಿ ಕೂತಿರುವುದು ಮುರು ಮೀನು.

ಮುರುವನ್ನು ಗಾಳಕ್ಕೆ ಸಿಕ್ಕಿಸುವುದು ಕಷ್ಟವಲ್ಲ, ಮೇಲಕ್ಕೆ ತರುವುದು ಕಷ್ಟ. ಏಡಿಯನ್ನೋ ಸಿಗಡಿಯನ್ನೋ ಚುಚ್ಚಿ ಬಂಡೆಯ ಅಂಚಿಗೆ ಇಳಿಬಿಟ್ಟರೆ ಮೀನು ಗಪ್ಪನೆ ನುಂಗಿ ನೇರ ತನ್ನ ಪೊಟರೆಗೆ ನುಗ್ಗುತ್ತದೆ. ಒಂದು ಕ್ಷಣ ತಡವಾದರೂ ದಾರ ಕಲ್ಲಿಗೆ ಉಜ್ಜಿ ತುಂಡಾಗುತ್ತದೆ. ಸೀಸದ ಗುಂಡು ಸಂದಿಗೆ ಸಿಕ್ಕಿಬಿದ್ದರೆ ಗಾಳವೂ ಹೋದಂತೆಯೇ. ಅದಕ್ಕೇ ಬಲ್ಲವರು ಗುಂಡನ್ನು ತೆಳ್ಳನೆಯ ಬೇರೊಂದು ದಾರಕ್ಕೆ ಕಟ್ಟುತ್ತಾರೆ. ಜಗ್ಗಿದಾಗ ಗುಂಡು ಮಾತ್ರ ಕಳಚಿ, ಗಾಳ ಉಳಿಯುತ್ತದೆ. ಬಲೆಯವರಿಗೆ ಬೇಡದ ಜಾಗದಲ್ಲಿ ಗಾಳದವರಿಗೆ ಕೆಲಸ.

ಅಮೆರಿಕದ ಪೂರ್ವ ಕರಾವಳಿಯಲ್ಲೂ ಇದೇ ಆಟ ನಡೆಯುತ್ತದೆ. ಅಲ್ಲಿನ ಮೀನು ಟಾಟಾಗ್. ಆ ಹೆಸರು ಕೊಟ್ಟವರು ಅಲ್ಲಿನ ಮೂಲನಿವಾಸಿಗಳಾದ ನ್ಯಾರಗನ್ಸೆಟ್ ಜನ. ಹಗಲೆಲ್ಲ ಪಚ್ಚಿಲೆಯಂಥ ಚಿಪ್ಪುಗಳನ್ನೂ ಏಡಿಗಳನ್ನೂ ಹಲ್ಲಿನಿಂದ ಪುಡಿಮಾಡಿ ತಿಂದು, ರಾತ್ರಿ ಬಂಡೆಯ ಸಂದಿಗೆ ಮರಳಿ ಮಲಗುತ್ತದೆ. ನಿಧಾನವಾಗಿ ಬೆಳೆಯುವ ಇದು 30 ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಗೊತ್ತಾದ ಉದ್ದಕ್ಕಿಂತ ಚಿಕ್ಕದು ಸಿಕ್ಕರೆ ನೀರಿಗೆ ಬಿಡಬೇಕೆಂದು ಅಲ್ಲಿನ ರಾಜ್ಯಗಳು ನಿಯಮ ಮಾಡಿವೆ.

ಚಿಕ್ಕದನ್ನು ಬಿಟ್ಟರೆ ಸಾಕೆಂಬ ಲೆಕ್ಕ ಮುರುವಿಗೆ ಪೂರ್ತಿ ಹೊಂದುವುದಿಲ್ಲ. ಜೀವಶಾಸ್ತ್ರ ಓದುವ ಮಕ್ಕಳಿಗೆ ಇದು ಸೋಜಿಗ ಅನ್ನಿಸಬಹುದು: ಮುರು ಜಾತಿಯ ಹೆಚ್ಚಿನ ಮೀನುಗಳು ಮೊದಲು ಹೆಣ್ಣಾಗಿ ಬೆಳೆದು ಮೊಟ್ಟೆಯಿಡುತ್ತವೆ, ವರ್ಷಗಳು ಕಳೆದು ಮೈ ದೊಡ್ಡದಾದ ಮೇಲೆ ಕೆಲವು ಗಂಡಾಗಿ ಮಾರ್ಪಡುತ್ತವೆ. ಅಂದರೆ ಬಂಡೆಯ ಬುಡದ ಅತಿ ದೊಡ್ಡ ಮೀನು ಬಹುತೇಕ ಗಂಡು. ಮಾರುಕಟ್ಟೆಯಲ್ಲಿ ಬೆಲೆ ಬರುವುದೂ, ಹಿಡಿದವನು ಎತ್ತಿ ತೋರಿಸುವುದೂ ಅದನ್ನೇ. ಹಾಗೆ ದೊಡ್ಡವನ್ನೇ ಆರಿಸುತ್ತ ಹೋದರೆ, ಹೆಣ್ಣು ಮೀನುಗಳು ಬೇಕಾದಷ್ಟಿದ್ದರೂ ಮೊಟ್ಟೆ ಫಲಿಸದೆ ಹೋದೀತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧವಿದೆ, ಸರಿ. ಆದರೆ ದಡದ ಬಂಡೆಯ ಮೇಲೆ ಗಾಳ ಹಿಡಿದು ಕೂತವನ ಕೈ ತಡೆಯಬೇಕಾದುದು ಅವನೇ.

ಮಕ್ಕಳನ್ನು ಪ್ರವಾಸಕ್ಕೆ ಕಳಿಸುವ ತಂದೆತಾಯಿಗಳಿಗೆ ಬೇರೊಂದು ಚಿಂತೆ, ಅದೂ ಸಣ್ಣದಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಹೊಳೆಯಲ್ಲಿ ಈಜು ಕಲಿತವರಿಗೂ ಕಡಲ ಸೆಳೆತ ಹೊಸದು. ಪಾಚಿ ಹಿಡಿದ ಬಂಡೆಯಂತೂ ಎಣ್ಣೆ ಸವರಿದ ಹಾಗೆ. ಇಳಿತ ಮುಗಿದು ನೀರು ಏರಲು ತೊಡಗಿದರೆ ಆರು ಗಂಟೆಯೊಳಗೆ ತುಂಬುತ್ತದೆ. ನಡೆದು ಬಂದ ದಾರಿ ಅದಕ್ಕೂ ಮೊದಲೇ ಮುಚ್ಚಿರುತ್ತದೆ. ಗಾಳದವರು ಎದ್ದು ದಾರ ಸುತ್ತಿಕೊಳ್ಳುತ್ತಿದ್ದರೆ ಮಕ್ಕಳೂ ಅವರ ಹಿಂದೆಯೇ ದಡಕ್ಕೆ ಬರಬೇಕು, ಚಿಪ್ಪು ಆರಿಸುವುದು ಅರ್ಧಕ್ಕೆ ನಿಂತರೂ ಸರಿಯೇ.