ಒಂದು ಗುಲಗಂಜಿ ತೂಕ

ನಮ್ಮ ತಿ. ನರಸೀಪುರದ ಕಡೆಯವರಿಗೆ ಒಂದು ಜಂಬ ಇದೆ: ಕಾಶಿಗಿಂತ ನಮ್ಮ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ. ಗುಂಜಾನರಸಿಂಹಸ್ವಾಮಿ ಕೈಯಲ್ಲಿರೋ ಗುಲಗಂಜಿಯೇ ಸಾಕ್ಷಿ. "ತೂಕ ಹಾಕಿದ್ದು ಯಾರು?" ಅಂತ ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಜ್ಜಿ "ತಲೆಹರಟೆ" ಅಂತ ಗದರಿದ್ದಳು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಕ್ಕ ಒಂದು ಕೆಲಸ ಒಪ್ಪಿಸಿದಳು. ಅವಳ ಮಗಳು ಪಿಯುಸಿ ಪರೀಕ್ಷೆ ಬರೆದು, ಬಿಎಸ್ಸಿ ಫಿಸಿಕ್ಸೇ ಓದ್ತೀನಿ ಅಂತ ಹಟ ಹಿಡಿದಿದ್ದಳು. "ನೀನು ಇಂಜಿನಿಯರು, ಬುದ್ಧಿ ಹೇಳು." ಮಾವ-ಸೊಸೆ ಇಬ್ಬರೂ ಸಂಗಮದ ಮೆಟ್ಟಿಲ ಮೇಲೆ ಕೂತೆವು. ಬುದ್ಧಿ ಹೇಳೋ ಬದಲು ನಾನು ಉರ್ಬಸಿ ಸಿನ್ಹಾ ಅವರ ಕಥೆ ಹೇಳಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕ್ವಾಂಟಂ ಪ್ರಯೋಗಾಲಯ ಕಟ್ಟಿದವರು.

ಎರಡು ಸೀಳುಗಳ ಮೂಲಕ ಬೆಳಕು ಬಿಟ್ಟರೆ ಪರದೆ ಮೇಲೆ ಕತ್ತಲೆ-ಬೆಳಕಿನ ಪಟ್ಟೆ ಬರೋದು ಪಿಯುಸಿ ಪಾಠ. ಮೂರು ಸೀಳಿಟ್ಟರೆ? 1926ರ ಮ್ಯಾಕ್ಸ್ ಬಾರ್ನ್ ನಿಯಮದ ಪ್ರಕಾರ ಹೊಸದೇನೂ ಹುಟ್ಟಬಾರದು. ಒಂದೊಂದರ, ಎರಡೆರಡರ ಲೆಕ್ಕವೇ ಸಾಕು. ಆದರೆ ನಂಬೋದು ಬೇರೆ, ತೂಗಿ ನೋಡೋದು ಬೇರೆ. ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮುಗಿಸಿ ಕೆನಡಾದ ವಾಟರ್ಲೂಗೆ ಹೋಗಿದ್ದ ಸಿನ್ಹಾ, ಸಂಗಡಿಗರ ಜೊತೆ ತೂಗಿದರು. ಸೀಳುಗಳನ್ನು ಎಂಟು ಬಗೆಯಲ್ಲಿ ತೆರೆದು, ಮುಚ್ಚಿ ಅಳೆದರು. 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಉತ್ತರ: ಹೆಚ್ಚುವರಿ ಏನಾದರೂ ಇದ್ದರೆ, ಅದು ಎರಡು ಸೀಳಿನ ಪರಿಣಾಮದ ನೂರನೇ ಒಂದು ಭಾಗಕ್ಕಿಂತ ಕಡಿಮೆ.

"ಅಷ್ಟು ಕಷ್ಟಪಟ್ಟು ಏನೂ ಸಿಗಲಿಲ್ವಾ ಮಾವ?"

"ನಿಯಮ ಗಟ್ಟಿ ಅಂತ ಗೊತ್ತಾಯ್ತಲ್ಲ" ಅಂದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಂದು ಸೀಳಲ್ಲಿ ಹೊಕ್ಕು, ಇನ್ನೊಂದಕ್ಕೆ ಸುತ್ತಿಕೊಂಡು ಬರೋ ಅಂಕುಡೊಂಕು ದಾರಿಗಳನ್ನ ಪಠ್ಯಪುಸ್ತಕದ ಲೆಕ್ಕ ಕೈಬಿಟ್ಟಿತ್ತು. ಅವನ್ನೂ ಸೇರಿಸಿದರೆ, ಬಾರ್ನ್ ನಿಯಮ ಮುರಿಯದೆಯೇ ಚೂರು ವ್ಯತ್ಯಾಸ ಬರಲೇಬೇಕು ಅಂತ 2014ರಲ್ಲಿ ಬೆಂಗಳೂರಿನಿಂದ ಸಿನ್ಹಾ ಮತ್ತು ಸಂಗಡಿಗರು ತೋರಿಸಿದರು. 2018ರಲ್ಲಿ ಅವರ ತಂಡ ಮೈಕ್ರೋವೇವ್ ಅಲೆಗಳಲ್ಲಿ ಅದನ್ನ ಅಳೆದೇಬಿಟ್ಟಿತು. 6 ಪ್ರತಿಶತದವರೆಗೂ ವ್ಯತ್ಯಾಸ. ಗುಲಗಂಜಿ ಸಿಕ್ಕಿತ್ತು!

"ಇದರಿಂದ ಹೊಟ್ಟೆ ತುಂಬುತ್ತಾ?" ಹಿಂದಿನಿಂದ ಅಕ್ಕನ ದನಿ. ಇಸ್ರೋ ಜೊತೆ ಸೇರಿ, ಕದ್ದು ನೋಡಿದರೆ ಗೊತ್ತಾಗಿಬಿಡೋ ಗುಪ್ತ ಕೀಲಿಯನ್ನ ಅದೇ ಪ್ರಯೋಗಾಲಯ ಬೆಳಕಿನ ಕಣಗಳಲ್ಲಿ ಕಳಿಸಿದ್ದು ಹೇಳಿದೆ; 2021ರಲ್ಲಿ, ಎರಡು ಕಟ್ಟಡಗಳ ನಡುವೆ, 50 ಮೀಟರ್ ದೂರ. ಮುಂದಿನ ಗುರಿ ಉಪಗ್ರಹ. ಅಕ್ಕ ಕರಗಲಿಲ್ಲ. ಅವಳ ಪ್ರಶ್ನೆ ಸುಳ್ಳೂ ಅಲ್ಲ. ನನಗೂ ಆ ವಯಸ್ಸಲ್ಲಿ ಫಿಸಿಕ್ಸ್ ಅಂದ್ರೆ ಪ್ರಾಣ. ಮನೆ ಸಾಲ ನೋಡಿ ಬಿಇ ಸೇರಿದೆ. ಪಶ್ಚಾತ್ತಾಪ ಇಲ್ಲ, ಸಾಲ ತೀರಿದ್ದೇ ಆ ಸಂಬಳದಲ್ಲಿ.

"ಈಗ ಸಾಲ ಇಲ್ವಲ್ಲ ಅಕ್ಕ, ಅವಳು ಓದಲಿ. ಫೀಸು ನನ್ನದು" ಅಂದೆ. ಎರಡು ದಿನ ಅಕ್ಕ ನನ್ನ ಜೊತೆ ಮಾತಾಡಲಿಲ್ಲ.

ಹೊರಡೋ ದಿನ ದೇವಸ್ಥಾನಕ್ಕೆ ಹೋದೆವು. ಕೈ ಮುಗಿದು ನಿಂತಿದ್ದ ಸೊಸೆ ಮೆಲ್ಲಗೆ ಕೇಳಿದಳು: "ಮಾವ, ಒಂದು ಗುಲಗಂಜಿ ಅಂದ್ರೆ ಎಷ್ಟು ಮಿಲಿಗ್ರಾಂ?"

ಗದರೋಕೆ ಅಜ್ಜಿ ಇರಲಿಲ್ಲ.