ಪದಕಗಳ ಮನೆಯಿಂದ ನಂದಗಡದ ಆಲದವರೆಗೆ

ಮಾರ್ಗಶಿರದ ಒಂದು ಶನಿವಾರ, ಪ್ರಾತಃಕಾಲದ ಪೂಜೆ ಪೂರೈಸಿಕೊಂಡು ರೊಟ್ಟಿಯ ಬುತ್ತಿಯೊಡನೆ ನಾವು ಮನೆಮಂದಿಯೆಲ್ಲ ಬೆಳಗಾವಿಗೆ ಹೊರಟೆವು. ನಮ್ಮ ಮಾವನವರು ಮರಾಠಾ ಲಘು ಪದಾತಿದಳದಲ್ಲಿ ಇಪ್ಪತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ಸುಭೇದಾರರಾಗಿ ನಿವೃತ್ತರಾದವರು. ಸೈನ್ಯಕ್ಕೆ ಸೇರಬೇಕೆಂದು ಹಟ ಹಿಡಿದಿರುವ ನಮ್ಮ ಮಗನಿಗೆ ಪಲ್ಟಣದ ವಸ್ತುಸಂಗ್ರಹಾಲಯವನ್ನು ತೋರಿಸಬೇಕೆಂಬುದು ಅವರ ಬಹುದಿನದ ಆಸೆ. ಮುಂಚಿತವಾಗಿ ಅನುಮತಿ ಪಡೆದಿದ್ದರಿಂದ ಒಳಗೆ ಹೋಗಲು ತೊಂದರೆಯಾಗಲಿಲ್ಲ.

1768ರಲ್ಲಿ ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿ ಪಲ್ಟಣವಾಗಿ ಹುಟ್ಟಿದ ಈ ದಳದ ತರಬೇತಿ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದೆ. ಹಳೆಯ ಆಯುಧಗಳು, ಪದಕಗಳು, ಮಾಸಿದ ಛಾಯಾಚಿತ್ರಗಳು. ಮಾವನವರು ಒಂದೊಂದರ ಮುಂದೆಯೂ ನಿಂತು ವಿವರಿಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡಗೆ ಮತ್ತು ನಾಮದೇವ ಜಾಧವರ ಹೆಸರುಗಳನ್ನು ಹೇಳುವಾಗ ಅವರ ಧ್ವನಿಯೇ ಬದಲಾಯಿತು. 1945ರ ಏಪ್ರಿಲ್ 9ರಂದು ಇಟಲಿಯ ಸೇನಿಯೋ ನದಿಯ ದಂಡೆಯಲ್ಲಿ ಸಿಪಾಯಿ ನಾಮದೇವರು ಗಾಯಗೊಂಡವನೊಬ್ಬನನ್ನು ಹೊತ್ತು, ನೀರು ದಾಟಿ, ಸಿಡಿಮದ್ದು ಹುಗಿದ ಏರಿಯನ್ನು ಹತ್ತಿ ಪಾರು ಮಾಡಿದರು. ಮರಳಿ ಹೋಗಿ ಇನ್ನೊಬ್ಬ ಗಾಯಾಳುವನ್ನೂ ತಂದರು. ಆಮೇಲೆಯೇ ಶತ್ರುಗಳ ಮಷಿನ್‌ಗನ್ನುಗಳ ಬಾಯಿ ಮುಚ್ಚಿಸಿದ್ದು. ಕೊಂದುದಕ್ಕಿಂತ ಹೊತ್ತು ತಂದುದು ನಮ್ಮ ಮನಸ್ಸಿನಲ್ಲಿ ಹೆಚ್ಚು ನಿಂತಿತು.

ಹೊರಗೆ ಬಂದಾಗ ಹುಡುಗನು ಕೇಳಿದನು: “ಅಜ್ಜಾ, ಈ ಪಲ್ಟಣ ಮೊದಲ ಕಂಪನೀದಾಗಿತ್ತಂದ್ರ, ರಾಯಣ್ಣ ಕಾದಾಡಿದ್ದು ಯಾರ ಕೂಡ?”

ಮಾವನವರು ಉತ್ತರಿಸಲಿಲ್ಲ. ನಂದಗಡಕ್ಕೂ ಹೋಗಿ ಬರೋಣವೆಂದಷ್ಟೇ ನುಡಿದರು.

ಗೋವಾ ರಸ್ತೆಯಲ್ಲಿ ಸುಮಾರು ಇಪ್ಪತ್ತಾರು ಕಿಲೋಮೀಟರು ಸಾಗಿದರೆ ಖಾನಾಪುರ. ಕುಂಬಾರಿಕೆಗೂ ಹಂಚುಗಳಿಗೂ ಹೆಸರಾದ ಕೆಂಪು ಮಣ್ಣಿನ ಊರು. ಅಲ್ಲಿ ಮಲಪ್ರಭೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ, ಮುಂದೆ ರಾಯಣ್ಣನ ಸಂಗೊಳ್ಳಿಯನ್ನು ಹಾಯ್ದು, ಕೊನೆಗೆ ಬಸವಣ್ಣನವರು ಐಕ್ಯರಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತ ಮಾವನವರು ತಾವಾಗಿಯೇ ಮಾತು ತೆಗೆದರು:

“ಕಂಪನೀ ದಂಡಿನಾಗ ಬಹಳ ಮಂದಿ ನಮ್ಮವರs ಇದ್ರಪಾ. ಉಪ್ಪು ಯಾರದು ಅಂತ ಸಿಪಾಯಿ ಕೇಳಲಿಲ್ಲ. ಮನ್ಯಾಗ ಹಸಿವಿತ್ತು. ನಲವತ್ತೇಳರಾಗ ಉಪ್ಪಿನ ಮನಿ ಬದಲಾತು, ಪಲ್ಟಣ ಅದs ಉಳೀತು.”

ಈ ಉತ್ತರ ಹುಡುಗನಿಗೆ ಸಮಾಧಾನ ತಂದಂತೆ ಕಾಣಲಿಲ್ಲ. ನಮಗೂ ಪೂರ್ತಿಯಾಗಿ ತಂದಿತೆನ್ನಲಾರೆವು.

ಖಾನಾಪುರದಿಂದ ನಂದಗಡ ದೂರವಿಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆಯನ್ನು ಕೆಡವಿದ ಕಿತ್ತೂರು, ಅದೇ ವರ್ಷದ ಕೊನೆಗೆ ಕಂಪನಿಯ ದೊಡ್ಡ ದಂಡಿನೆದುರು ಸೋತಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ಲಿಂಗೈಕ್ಯಳಾದಳು. ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೆ ಏರಿಸಲು ಕುರುಬರ ಮನೆಯ ರಾಯಣ್ಣ ಈ ಕಾಡುಗಳಲ್ಲಿ ದಂಡು ಕಟ್ಟಿ, ಬೀಡಿಯ ಸರಕಾರಿ ಕಚೇರಿಯನ್ನು ಸುಟ್ಟನು. ಹಳ್ಳದಲ್ಲಿ ಮೈ ತೊಳೆಯುತ್ತಿದ್ದಾಗ ನಂಬಿದವರೇ ಹಿಡಿದುಕೊಟ್ಟರೆಂದು ಲಾವಣಿಕಾರರು ಹಾಡುತ್ತಾರೆ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದು ಈ ನಂದಗಡದಲ್ಲಿಯೇ.

ಇಲ್ಲಿ ಪದಕಗಳಿಲ್ಲ. ಸಮಾಧಿಯ ಮೇಲೆ ಆಲದ ಮರ, ಅದರ ಟೊಂಗೆಗಳಿಗೆ ಮಕ್ಕಳ ಫಲ ಬೇಡಿದವರು ಕಟ್ಟಿದ ತೊಟ್ಟಿಲುಗಳು. ಅವನ ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ಈ ಸಸಿಯನ್ನು ನೆಟ್ಟನೆಂದು ಜನ ನಂಬಿದ್ದಾರೆ. ಮದುವೆಯಾಗದೆ ಸತ್ತವನೆಂದು ಲೋಕ ಹೇಳುವವನಲ್ಲಿ ತಾಯಂದಿರು ಸಂತಾನ ಬೇಡುತ್ತಾರೆ. ನಮ್ಮ ಮನೆಯವರು ಬಹಳ ಹೊತ್ತು ಆ ತೊಟ್ಟಿಲುಗಳನ್ನೇ ನೋಡುತ್ತ ನಿಂತಿದ್ದರು.

ಮಾವನವರು ಚಪ್ಪಲಿ ಕಳೆದು, ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡು, ಸೆಟೆದು ನಿಂತು ಸೆಲ್ಯೂಟ್ ಹೊಡೆದರು. ಕೈ ಇಳಿಸಿದ ಮೇಲೆ ಮೊಮ್ಮಗನ ಕಡೆಗೆ ತಿರುಗದೆಯೇ ಹೇಳಿದರು:

“ಇಪ್ಪತ್ನಾಕು ಸಲ ಜನವರಿ ಇಪ್ಪತ್ತಾರಕ್ಕ ಝಂಡಾದ ಮುಂದ ನಿಂತೀನಿ. ಒಮ್ಮಿನೂ ಈ ಗಿಡ ನೆನಪಾಗಲಿಲ್ಲ ನೋಡು.”

ಹುಡುಗನು ಏನೂ ಅನ್ನದೆ ಬಾಗಿ ಅಜ್ಜನ ಚಪ್ಪಲಿಗಳನ್ನು ಎತ್ತಿ ತಂದು ಕಾಲ ಬಳಿ ಇಟ್ಟನು.